ಪತ್ರಾದ ಆಚೆ ಈಚೆ

ಧಾರಾವಿಯಲ್ಲಿ ನಮ್ಮ ಕಾಕಾ ಅವರ ಮನೆಗೂ ನೆರೆಮನೆಗೂ ನಡುವೆ ಇರುವುದು ಒಂದು ತಗಡಿನ ಪತ್ರಾ ಮಾತ್ರ. ಆಚೆ ಒಗ್ಗರಣೆ ಹಾಕಿದರೆ ಈಚೆ ಸೀನು ಬರುತ್ತದೆ. 2024ರ ಮಾರ್ಚಿನಲ್ಲಿ ಪುನರ್ವಿಕಾಸದ ಮೋಜಣಿ ಆರಂಭವಾಗಿ, ಡ್ರೋನು, ಲೇಸರ್ ಯಂತ್ರಗಳು ಓಣಿಗಳನ್ನು ಅಳೆಯಹೊರಟಾಗ ಕಾಕಾ ನಮ್ಮನ್ನು ಕೇಳಿದರು: "ತಮ್ಮಾ, ನೀ ಸರ್ಕಾರಿ ಆಫೀಸಿನ್ಯಾಗ ಇದ್ದೀ. ಆ ಮಷೀನಿಗೆ ನಮ್ಮ ಪತ್ರಾ ಕಾಣಸ್ತದೇನು?"

ನಮ್ಮ ಮೇಜಿಗೆ ಬರುವುದು ರಜೆಯ ಅರ್ಜಿಗಳು, ಲೇಸರಲ್ಲ. ಆದರೂ ಬಿ.ಎ. ಪಾಸಾದವರೆಂಬ ಮರ್ಯಾದೆ ಉಳಿಸಿಕೊಳ್ಳಲು ಓದಿ ನೋಡಿದೆವು.

ಯಂತ್ರವು ಗೋಡೆಯನ್ನು ಗೋಡೆಯೆಂದು ಅರಿಯದು. ಬೆಳಕು ತಾಗಿ ಮರಳಿದ ಕಡೆಗೆಲ್ಲ ಒಂದೊಂದು ಚುಕ್ಕಿ ಇಡುತ್ತದೆ, ರಂಗೋಲಿಗೆ ಇಟ್ಟಂತೆ. ಗೆರೆ ಇನ್ನೂ ಎಳೆದಿಲ್ಲ. ಇಂಥ ಎರಡು ಆಕಾರಗಳನ್ನು ಕೂಡಿಸಬೇಕೆ, ಒಂದರಿಂದ ಇನ್ನೊಂದನ್ನು ಕಳೆಯಬೇಕೆ? ಒಂದರ ಪ್ರತಿ ಚುಕ್ಕಿಯನ್ನೂ "ನೀನು ಇನ್ನೊಂದರ ಒಳಗೋ ಹೊರಗೋ?" ಎಂದು ಕೇಳಬೇಕು. ಚುಕ್ಕಿಗೂ ಒಂದು ಮುಖವುಂಟು. ಅದು ಹೊರಗಡೆ ನೋಡುತ್ತಿರುತ್ತದೆ. ಹತ್ತಿರದ ಚುಕ್ಕಿಯ ಮುಖ ನೋಡಿ ಒಳಹೊರಗಿನ ತೀರ್ಮಾನ. ಬೆಲ್ಜಿಯಂ ದೇಶದ ಆಡಮ್ಸ್, ಡ್ಯೂಟ್ರೆ ಎಂಬವರು 2003ರಲ್ಲಿ ಇಂಥದೊಂದು ವಿಧಾನವನ್ನು ಪ್ರಕಟಿಸಿದರು.

ಆದರೆ ಇದೆಲ್ಲ ಅಂದಾಜಿನ ಲೆಕ್ಕ. 10 ಅಡಿಗೆ 12 ಅಡಿಯ ಖೋಲಿಯ ನೆಲದಲ್ಲಿ ಚದರಡಿಗೊಂದು ಚುಕ್ಕಿ ಇಟ್ಟರೆ 120. ಅಂಚಿನ 12 ಚುಕ್ಕಿಗಳ ಸಾಲು ಯಾರದೆಂದು ತಿಳಿಯದಿದ್ದರೆ 12 ಚದರಡಿ ಹೋಯಿತು. ಚದರ ಅಂಗುಲಕ್ಕೊಂದು ಇಟ್ಟರೆ ಚುಕ್ಕಿಗಳು 17,280; ಸಂದೇಹದ ಸಾಲಿನ 144 ಚುಕ್ಕಿಗಳೂ ಸೇರಿ ಒಂದೇ ಚದರಡಿ. ತಪ್ಪು ನಡುಮನೆಯಲ್ಲಿ ಆಗುವುದಿಲ್ಲ, ಅಂಚಿನಲ್ಲಿ ಆಗುತ್ತದೆ. ಧಾರಾವಿಯ ಮನೆಗಳಲ್ಲಿ ಅಂಚು ಬಿಟ್ಟರೆ ಉಳಿಯುವುದಾದರೂ ಎಷ್ಟು!

ಪತ್ರಾದ ಸಂಗತಿ ಇನ್ನೂ ಕಷ್ಟ. ಅದರ ಈಚೆಯ ಚುಕ್ಕಿಗಳು ಈಚೆ ನೋಡುತ್ತವೆ, ಆಚೆಯವು ಆಚೆ. ತಗಡಿನ ದಪ್ಪ ಯಂತ್ರದ ತಪ್ಪಿಗಿಂತ ಕಡಿಮೆಯಾದರೆ ಎರಡೂ ಬೆರೆತು, ಒಳಗು ಹೊರಗಾಗಿ, ಎರಡು ಖೋಲಿ ಒಂದೇ ಎಂದು ತೋರಬಹುದು. ಅರ್ಹ ಕುಟುಂಬಕ್ಕೆ 350 ಚದರಡಿಯ ಮನೆಯೆಂದು 2024ರಲ್ಲಿ ಸಾರಿದ್ದರಷ್ಟೆ. ಎರಡು ಕುಟುಂಬ ಒಂದಾದರೆ?

ಮನೆಮನೆಗೆ ಬಂದು ಕಾಗದಪತ್ರ ಕೇಳುವ ಜನರೂ ಇದ್ದಾರೆಂದು ಸಮಾಧಾನ ಹೇಳಿದೆವು.

"ಹಂಗಾದರ ಚುಕ್ಕಿ ಮಾತು ಬ್ಯಾಡ," ಎಂದರು ಕಾಕಾ. ಅವರು ಬರುವ ದಿನ ನೆರೆಯವರನ್ನೂ ಕರೆದು, ಎರಡೂ ಮನೆಯ ಲೈಟ್ ಬಿಲ್ಲು ಹಿಡಿದು, ಪತ್ರಾದ ಆಚೆ ಒಬ್ಬರು ಈಚೆ ಒಬ್ಬರು ಬಾಗಿಲಲ್ಲಿ ಕುಳಿತರು.