ರೇಡಿಯೋ ಸರಣಿ 5: ಗದ್ದಲ ಆಕಾಶದ್ದಲ್ಲ, ನಮ್ಮನೇದು

ಟಕ್ ಟಕ್ ಟಕ್ ಟಕ್... ಸೆಕೆಂಡಿಗೆ 10 ಸಲ.

1976ರಲ್ಲಿ ಶಾರ್ಟ್‌ವೇವ್ ಕೇಳ್ತಿದ್ದ ಹ್ಯಾಮ್ ರೇಡಿಯೋದವರಿಗೆ ಇದ್ದಕ್ಕಿದ್ದಂಗೆ ಈ ಸದ್ದು ಶುರುವಾಯ್ತು. ಯಾರೋ ಮಾತಾಡ್ತಿದ್ರೆ ಅವರ ಮೇಲೇ ಬಂದು ಕೂತ್ಕೊಳ್ಳೋದು, ಆಮೇಲೆ ಬೇರೆ ಫ್ರೀಕ್ವೆನ್ಸಿಗೆ ಹಾರೋದು. ಮರಕುಟಿಗ ಅಂತ ಹೆಸರಿಟ್ರು. ಮೈಂಡ್ ಕಂಟ್ರೋಲ್ ಅಂತೆ, ಹವಾಮಾನ ಬದಲಾಯಿಸ್ತಾರಂತೆ ಅಂತ ಕಥೆಗಳೂ ಹುಟ್ಕೊಂಡ್ವು.

ನಿಜ ಏನಂದ್ರೆ, ಅದು ದುಗಾ ಅನ್ನೋ ಸೋವಿಯತ್ ರೇಡಾರ್. ಕ್ಷಿಪಣಿ ಹಾರಿದ್ರೆ ದೂರದಿಂದ್ಲೇ ಪತ್ತೆ ಮಾಡೋಕೆ ಕಟ್ಟಿದ್ದು. ನೂರಾರು ಕಿಲೋಮೀಟರ್ ಮೇಲೆ, ಸೂರ್ಯನ ಕಿರಣದಿಂದ ವಿದ್ಯುದಾವೇಶ ಪಡೆದ ಅಯನೋಸ್ಫಿಯರ್ ಇದೆಯಲ್ಲ, ಶಾರ್ಟ್‌ವೇವ್ ಅದಕ್ಕೆ ತಾಗಿ ಭೂಮಿಗೆ ವಾಪಸ್ ಬರತ್ತೆ. ಅದಕ್ಕೇ ಆ ಸದ್ದು ಖಂಡಗಳನ್ನೇ ದಾಟಿ ಹೋಯ್ತು. 1989ರಲ್ಲಿ ನಿಂತೋಯ್ತು. ಸುಮಾರು 150 ಮೀಟರ್ ಎತ್ತರದ ಅದರ ಆಂಟೆನಾ ಚೆರ್ನೋಬಿಲ್ ಹತ್ರ ಈಗ್ಲೂ ನಿಂತಿದೆ.

ಕಥೆ ಮಸ್ತಾಗಿದೆ, ರೀಲ್ಸಲ್ಲೂ ಓಡತ್ತೆ. ಆದ್ರೆ ನನ್ನ ತಕರಾರು ಇಲ್ಲೇ ಇರೋದು. ಗರ್‌ರ್ ಅಂತ ಸದ್ದು ಬಂದ ತಕ್ಷಣ ನಾವು ಗೂಢಚಾರರನ್ನ ಹುಡುಕ್ತೀವಿ. ಗೋಡೆಯ ಪ್ಲಗ್ ಮಾತ್ರ ನೋಡಲ್ಲ.

ಅಗ್ಗದ ಚಾರ್ಜರ್, ಎಲ್‌ಇಡಿ ಬಲ್ಬ್ ಒಳಗಿನ ಸರ್ಕ್ಯೂಟ್ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗ್ತಿರತ್ತೆ. ಆ ಗದ್ದಲ ತಡೆಯೋಕೆ ಫಿಲ್ಟರ್ ಬೇಕು. ನಾಲ್ಕು ಕಾಸು ಉಳಿಸೋಕೆ ಅದನ್ನೇ ಬಿಟ್ಟಿದ್ರೆ, ಮನೆ ವೈರಿಂಗೇ ಆಂಟೆನಾ ಆಗತ್ತೆ. ಎಕನಾಮಿಕ್ಸಲ್ಲಿ ಎಕ್ಸ್‌ಟರ್ನಾಲಿಟಿ ಓದಿದ್ವಲ್ಲ, ಇದು ಅದೇ. ಲಾಭ ಮಾಡಿದವನಿಗೆ, ಉಳಿತಾಯ ಕೊಂಡವನಿಗೆ, ತಲೆನೋವು ಪಕ್ಕದ ಮನೆಯವನಿಗೆ!

"ಈ ಕಾಲದಲ್ಲಿ ಶಾರ್ಟ್‌ವೇವ್ ಯಾರಿಗೆ ಬೇಕು ಗುರು?" ಅಂತೀರಾ? 2004ರ ಸುನಾಮಿಯಲ್ಲಿ ಅಂಡಮಾನ್‌ನ ಫೋನ್ ಲೈನ್ ಕೈಕೊಟ್ಟಾಗ, ಅಲ್ಲಿದ್ದ ಹ್ಯಾಮ್‌ಗಳು ಹೊರಗಡೆಗೆ ಸುದ್ದಿ ಮುಟ್ಟಿಸಿದ್ದು ರೇಡಿಯೋದಲ್ಲೇ. ಅಂಥಾ ಹೊತ್ತಲ್ಲಿ ಬರೋ ಸಿಗ್ನಲ್ ಸಣ್ಣದಾಗಿದ್ರೆ, ಅದು ನಮ್ಮ ಚಾರ್ಜರ್ ಗದ್ದಲದಲ್ಲಿ ಮುಳುಗಿಹೋಗಬಹುದು.

ಆ ಮರಕುಟಿಗ ಒಂದಿನ ನಿಂತೋಯ್ತು. ನಮ್ಮ ಮರಕುಟಿಗಗಳು ಮನೆಮನೆಯಲ್ಲೂ ಇವೆ. ಬ್ಯಾಂಡ್ ಊರ ಕೆರೆ ಇದ್ದಂಗೆ, ಯಾರೊಬ್ಬರದ್ದೂ ಅಲ್ಲ. ಅದಕ್ಕೇ ಎಲ್ಲರೂ ನೋಡ್ಕೋಬೇಕು.

ಇವತ್ತು ಒಂದು ಕೆಲಸ ಮಾಡಿ. ಅಜ್ಜಿಯ ಹಳೇ ರೇಡಿಯೋಗೆ ಸೆಲ್ ಹಾಕಿ, ಮೀಡಿಯಂ ವೇವಲ್ಲಿ ಆಕಾಶವಾಣಿ ಹಿಡೀರಿ. ಗರ್‌ರ್ ಅಂದ್ರೆ ಮನೆಯವರಿಗೆ ಹೇಳಿ ಒಂದ್ನಿಮಿಷ ಮೇನ್ ಆಫ್ ಮಾಡಿ. ಸದ್ದು ನಿಲ್ತಾ? ಹಂಗಾದ್ರೆ ಕಳ್ಳ ನಿಮ್ಮನೇಲೇ ಇದ್ದಾನೆ. ಮೇನ್ ಹಾಕಿ, ಒಂದೊಂದೇ ಪ್ಲಗ್ ಕಿತ್ತು ಹುಡುಕಿ.

ಯಾವುದು ಸಿಕ್ತು ಅಂತ ಕಾಮೆಂಟ್ ಮಾಡಿ. ನಮ್ಮನೇಲಿ ಸಿಕ್ಕಿದ್ದು ನನ್ನ ಸ್ಟಡಿ ಲ್ಯಾಂಪ್ 🙈

#ರೇಡಿಯೋಸರಣಿ #ಹ್ಯಾಮ್‌ರೇಡಿಯೋ #ಮರಕುಟಿಗ