ಕುದುರೆ ಯಾರದ್ದು?

1914ರ ಮಹಾಯುದ್ಧಕ್ಕೆ ಹೋದ ಪಂಜಾಬಿನ ರೈತರ ಮಕ್ಕಳನ್ನು ಶೂರ ಸವಾರರು ಅಂತ ಹೊಗಳೋರು ಬೇಕಾದಷ್ಟಿದ್ದಾರೆ. ಕುದುರೆ ಯಾರ ದುಡ್ಡಿನದು ಅಂತ ಕೇಳೋರಿಲ್ಲ! ಬ್ರಿಟಿಷರ ಬಹುಪಾಲು ಭಾರತೀಯ ರಾವುತ ದಳಗಳಲ್ಲಿ ಆಗ ಸಿಲ್ಲೇದಾರಿ ಪದ್ಧತಿ. ಸೇರುವ ಹುಡುಗ ಕುದುರೆ ತರಬೇಕು, ಇಲ್ಲವೇ 'ಅಸಾಮಿ' ಅಂತ ಠೇವಣಿ ಕಟ್ಟಬೇಕು. ಕೈಲಾಗದಿದ್ದರೆ ಬಾಕಿಯನ್ನು ತಿಂಗಳ ಸಂಬಳದಲ್ಲೇ ಮುರಿದುಕೊಳ್ಳುವರು. ಮೇವು, ಜೀನು, ಬಟ್ಟೆ ಎಲ್ಲವೂ ಅದರಲ್ಲೇ. ಸರ್ಕಾರದ್ದು ಬಂದೂಕು, ಮದ್ದುಗುಂಡು. ಬಿಟ್ಟುಬರುವಾಗ ಠೇವಣಿ ವಾಪಸು, ನಿಜ. ಅಲ್ಲಿಯವರೆಗೆ ಬಂಡವಾಳ ರೈತನದೇ ತಾನೆ? (1918ರಲ್ಲಿ ಹೈಫಾದಲ್ಲಿ ಕಾದಾಡಿದ ನಮ್ಮ ಮೈಸೂರು ಲ್ಯಾನ್ಸರ್ಸ್ ಖರ್ಚು ಸಂಸ್ಥಾನದ್ದು ಅನ್ನಿ, ಆ ಬೊಕ್ಕಸಕ್ಕೂ ಕಂದಾಯ ಕಟ್ಟಿದವರು ನಾವೇ.) ಶಾಂತಿಕಾಲದಲ್ಲಿ ಸರ್ಕಾರಕ್ಕೆ ಅಗ್ಗವಾಗಿದ್ದ ಈ ಏರ್ಪಾಡು, ಸತ್ತ ಕುದುರೆಗಳ ಬದಲಿಗೆ ಹೊಸವನ್ನು ಒದಗಿಸಲಾರದೆ ಯುದ್ಧದಲ್ಲಿ ಕುಸಿಯಿತು. ಯುದ್ಧ ಮುಗಿದ ಮೇಲೆ ಅದನ್ನು ಕೈಬಿಟ್ಟರು.