ಇಲ್ಲವೆಂದ ಜಗತ್ತು, ಅತಿಯಾಯಿತೆಂದ ತಾಯಿ

ಕಾದಂಬರಿಯೊಂದರ ಶೀರ್ಷಿಕೆಯೇ ಒಂದು ಜನಸಮುದಾಯದ ಪಾಡನ್ನು ಹೇಳಿಬಿಡುವುದು ಅಪರೂಪ. ಪ್ಯಾಲೆಸ್ಟೀನ್ ಮೂಲದ ಅಮೆರಿಕನ್ ಲೇಖಕಿ ಜೈನಾ ಅರಾಫತ್ ಅವರ ಚೊಚ್ಚಲ ಕಾದಂಬರಿ 'ಯೂ ಎಕ್ಸಿಸ್ಟ್ ಟೂ ಮಚ್' ಅಂಥ ಕೃತಿ. 'ನಿನ್ನ ಇರವೇ ಅತಿಯಾಯಿತು' ಎಂದು ಅದನ್ನು ಕನ್ನಡಕ್ಕೆ ತರಬಹುದು. 2020ರಲ್ಲಿ ಪ್ರಕಟವಾದ ಈ ಕೃತಿಗೆ ಮರುವರ್ಷ ದ್ವಿಲಿಂಗಾಸಕ್ತರ ಬದುಕು ಕುರಿತ ಕಥನ ವಿಭಾಗದಲ್ಲಿ ಅಮೆರಿಕದ ಲ್ಯಾಂಬ್ಡಾ ಸಾಹಿತ್ಯ ಪ್ರಶಸ್ತಿ ಸಂದಿತು.

ಕಥೆ ಆರಂಭವಾಗುವುದು ಬೆತ್ಲೆಹೆಮ್‌ನಲ್ಲಿ. ಹನ್ನೆರಡರ ಹರೆಯದ ಹುಡುಗಿ ಕಾಲು ಕಾಣುವಂಥ ಉಡುಪು ತೊಟ್ಟಿದ್ದಾಳೆಂದು ಗಂಡಸರು ಗದರುತ್ತಾರೆ. ಮುಂದೆ ಅವಳು ಅಮೆರಿಕದಲ್ಲಿ ಬೆಳೆಯುತ್ತಾಳೆ. ಹೆಣ್ಣು, ಗಂಡು ಇಬ್ಬರತ್ತಲೂ ಒಲವು ಮೂಡುತ್ತದೆ. ಹೆಣ್ಣನ್ನು ಪ್ರೀತಿಸುತ್ತಿರುವುದನ್ನು ತಾಯಿಗೆ ತಿಳಿಸಿದಾಗ ಸಿಗುವ ಪ್ರತಿಕ್ರಿಯೆಯೇ ಕಾದಂಬರಿಯ ಶೀರ್ಷಿಕೆ. ಕೈಗೆಟುಕದವರನ್ನೇ ಮೋಹಿಸುವ, ಸಿಕ್ಕ ಪ್ರೀತಿಯನ್ನು ತಾನೇ ಕೆಡಿಸಿಕೊಳ್ಳುವ ಈಕೆ ಕಡೆಗೆ ಪ್ರೇಮವ್ಯಸನದ ಚಿಕಿತ್ಸಾ ಕೇಂದ್ರವನ್ನು ಸೇರುತ್ತಾಳೆ. ಕಾದಂಬರಿಯುದ್ದಕ್ಕೂ ಅವಳಿಗೆ ಹೆಸರಿಲ್ಲ ಎಂಬುದು ಗಮನಾರ್ಹ.

ಈ ಶೀರ್ಷಿಕೆಯ ಮೊನಚು ಅರಿವಾಗಬೇಕಾದರೆ ಇತಿಹಾಸದತ್ತ ನೋಡಬೇಕು. 1948ರಲ್ಲಿ ಇಸ್ರೇಲ್ ಉದಯವಾದ ಸಂದರ್ಭದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ನೆಲೆ ಕಳೆದುಕೊಂಡರು. ಅವರು ಅದನ್ನು 'ನಕ್ಬಾ', ಅಂದರೆ ಮಹಾವಿಪತ್ತು ಎನ್ನುತ್ತಾರೆ. 1967ರ ಯುದ್ಧ ಇನ್ನಷ್ಟು ಜನರನ್ನು ಹೊರದೂಡಿತು. ಪ್ಯಾಲೆಸ್ಟೀನಿಯರು ಎಂಬ ಪ್ರತ್ಯೇಕ ಜನತೆಯೇ ಇರಲಿಲ್ಲ ಎಂದು 1969ರಲ್ಲಿ ಇಸ್ರೇಲ್ ಪ್ರಧಾನಿ ಗೋಲ್ಡಾ ಮೀರ್ ಹೇಳಿದ್ದುಂಟು. ಹೀಗೆ 'ನೀವು ಇಲ್ಲ' ಎಂದು ಜಗತ್ತಿನಿಂದ ಹೇಳಿಸಿಕೊಂಡ ಸಮುದಾಯದ ತಾಯಿಯೊಬ್ಬಳು ತನ್ನ ಮಗಳಿಗೆ 'ನೀನು ಅತಿಯಾಗಿ ಇದ್ದೀಯೆ' ಎನ್ನುತ್ತಾಳೆ. ನೆಲ ಕಳೆದುಕೊಂಡವರು ಮನೆತನದ ಮರ್ಯಾದೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ. ಆ ಬಿಗಿಹಿಡಿತದಲ್ಲಿ ಮಗಳು ನಲುಗುತ್ತಾಳೆ.

ಇಂಥ ಕೃತಿಗೆ ಎರಡು ಕಡೆಯಿಂದಲೂ ಒತ್ತಡವಿದೆ. ಅರಬ್ ಸಮಾಜವೆಂದರೆ ಕ್ರೌರ್ಯ ಎಂಬ ತಮ್ಮ ಪೂರ್ವಗ್ರಹಕ್ಕೆ ಪಾಶ್ಚಾತ್ಯ ಓದುಗರಲ್ಲಿ ಕೆಲವರು ಇಲ್ಲಿ ಸಾಕ್ಷ್ಯ ಹುಡುಕಬಹುದು. ಸಲಿಂಗಿಗಳ ಬಗೆಗಿನ ತನ್ನ ಉದಾರತೆಯನ್ನು ಇಸ್ರೇಲ್ ಪ್ರಚಾರಕ್ಕೆ ಬಳಸಿ ಆಕ್ರಮಣವನ್ನು ಮರೆಮಾಚುತ್ತಿದೆ, ಇದು 'ಪಿಂಕ್‌ವಾಷಿಂಗ್' ಎಂಬುದು ಪ್ಯಾಲೆಸ್ಟೀನ್ ಪರ ಹೋರಾಟಗಾರರ ಬಹುಕಾಲದ ಆಕ್ಷೇಪ. ಅದರಲ್ಲಿ ಹುರುಳಿದೆ. ಆದರೆ ಒಳಗಿನ ದಮನವೂ ಸುಳ್ಳಲ್ಲ. 2019ರ ಆಗಸ್ಟ್‌ನಲ್ಲಿ ಪ್ಯಾಲೆಸ್ಟೀನ್ ಪ್ರಾಧಿಕಾರದ ಪೊಲೀಸರು ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆ 'ಅಲ್‌ಖೌಸ್'ನ ಚಟುವಟಿಕೆಗಳನ್ನು ಪಶ್ಚಿಮ ದಂಡೆಯಲ್ಲಿ ನಿಷೇಧಿಸುವುದಾಗಿ ಸಾರಿ, ಟೀಕೆಯ ಬಳಿಕ ಹಿಂದೆಗೆದುಕೊಂಡರು.

ಕಾನೂನಿನ ಚರಿತ್ರೆಯೂ ಸರಳವಾಗಿಲ್ಲ. ಗಾಜಾದಲ್ಲಿ ಪುರುಷರ ಸಲಿಂಗ ಸಂಬಂಧವನ್ನು ಅಪರಾಧವೆನ್ನುವುದು ಬ್ರಿಟಿಷ್ ಆಡಳಿತ 1936ರಲ್ಲಿ ತಂದ ದಂಡಸಂಹಿತೆ. ಜೋರ್ಡಾನ್ ಕಾನೂನನ್ನು ಅನುಸರಿಸುವ ಪಶ್ಚಿಮ ದಂಡೆಯಲ್ಲಿ ಅಂಥ ನಿಷೇಧವಿಲ್ಲ. 2024ರವರೆಗೆ ಜಾರಿಯಲ್ಲಿದ್ದ ನಮ್ಮ 377ನೇ ಕಲಮು ಕೂಡ ಅದೇ ಸಾಮ್ರಾಜ್ಯದ ಬಳುವಳಿಯಾಗಿತ್ತು. ವಯಸ್ಕರ ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟ್ ಅದರಿಂದ ಹೊರಗಿಟ್ಟದ್ದು 2018ರ ಸೆಪ್ಟೆಂಬರ್ 6ರಂದು.

2023ರ ಅಕ್ಟೋಬರ್ 7ರ ಹಮಾಸ್ ದಾಳಿ ಮತ್ತು ಅದರ ಬೆನ್ನಿಗೇ ಆರಂಭವಾದ ಗಾಜಾ ಯುದ್ಧದ ನಂತರ ಪ್ಯಾಲೆಸ್ಟೀನ್ ಲೇಖಕರ ಮೇಲಿನ ಭಾರ ಇನ್ನೂ ಹೆಚ್ಚಿದೆ. ಅದೇ ತಿಂಗಳು ಫ್ರಾಂಕ್‌ಫರ್ಟ್ ಪುಸ್ತಕ ಮೇಳದಲ್ಲಿ ನಡೆಯಬೇಕಿದ್ದ ಲೇಖಕಿ ಅದನಿಯಾ ಶಿಬ್ಲಿ ಅವರ ಪ್ರಶಸ್ತಿ ಪ್ರದಾನ ಸಮಾರಂಭವನ್ನು ಸಂಘಟಕರು ಮುಂದೂಡಿದರು. ಅಬ್ದುಲ್‌ರಜಾಕ್ ಗುರ್ನಾ, ಆನಿ ಎರ್ನೋ, ಓಲ್ಗಾ ತೋಕಾರ್ಚುಕ್ ಅವರಂಥ ನೊಬೆಲ್ ಪುರಸ್ಕೃತರೂ ಸೇರಿ ನೂರಾರು ಲೇಖಕರು ಪ್ರತಿಭಟಿಸಿ ಸಹಿ ಹಾಕಿದರು. ಇಂಥ ವಾತಾವರಣದಲ್ಲಿ ಪ್ಯಾಲೆಸ್ಟೀನ್ ಕೃತಿಯೊಂದನ್ನು ಕೃತಿಯಾಗಿ ಓದುವುದೇ ಕಷ್ಟ. ಅದು ಆರೋಪಪಟ್ಟಿಯೋ ಸಮರ್ಥನೆಯೋ ಎಂಬ ಪ್ರಶ್ನೆಯೇ ಮುಂದೆ ಬರುತ್ತದೆ.

ಅರಾಫತ್ ಅವರ ನಾಯಕಿ ಎರಡೂ ಪಾತ್ರಗಳನ್ನು ಒಪ್ಪುವುದಿಲ್ಲ. ಆಕೆ ಆದರ್ಶ ಸಂತ್ರಸ್ತೆಯಲ್ಲ, ಹೋರಾಟಗಾರ್ತಿಯೂ ಅಲ್ಲ. ಸುಳ್ಳು ಹೇಳುತ್ತಾಳೆ, ಸಂಗಾತಿಗೆ ಮೋಸ ಮಾಡುತ್ತಾಳೆ, ತಾಯಿಯ ಒಪ್ಪಿಗೆಗಾಗಿ ಹಂಬಲಿಸುತ್ತಾಳೆ. ಇದು ಸಮುದಾಯಕ್ಕೆ ಕೆಟ್ಟ ಹೆಸರು ತರುತ್ತದೆ ಎನ್ನುವವರು ಇರಬಹುದು. ಆದರೆ ನಿರಾಶ್ರಿತರ ಮಕ್ಕಳು ಮೊಮ್ಮಕ್ಕಳು ಸದಾ ಒಳ್ಳೆಯವರಾಗಿ, ಒಗ್ಗಟ್ಟಿನ ದನಿಯಾಗಿ ಕಾಣಿಸಿಕೊಂಡರೆ ಮಾತ್ರ ಅವರ ಹಕ್ಕಿಗೆ ಬೆಲೆ ಎಂಬ ನಿಯಮ ಎಲ್ಲಿಯದು? ಒಂದು ಜನತೆಗೆ ಇರುವ ಹಕ್ಕಿದೆ ಎಂದ ಮೇಲೆ, ಅದರ ಮಗಳಿಗೆ ತಪ್ಪು ಮಾಡುತ್ತಲೇ ತಾನಾಗಿ ಇರುವ ಹಕ್ಕೂ ಅದರಲ್ಲಿ ಸೇರಿದೆ. ಆ ಹಕ್ಕನ್ನು ಮೊದಲು ಒಪ್ಪಬೇಕಾದವಳು ಅವಳ ತಾಯಿ. ಕಾದಂಬರಿಯ ನೋವು ಇರುವುದೇ ಅಲ್ಲಿ.